ಹಿತ್ತಲಿಗೂ ಕೇಳಿಸಿತು

ಉಪದೇಶಿಗಳ ಮಗಳ ತೋಳಿನ ಮೇಲೆ ಹಲ್ಲಿನ ಗುರುತು ಸಿಕ್ಕಿತು. ಸಿಕ್ಕಿದ್ದು ಮದುವೆ ಬಟ್ಟೆಗೆ ಅಳತೆ ತೆಗೆಯುವಾಗ. ದರ್ಜಿಯವಳು ಟೇಪು ಹಿಡಿದು ತೋಳಿನ ಬಟ್ಟೆಯನ್ನು ಮೇಲೆ ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತುಬಿಟ್ಟಿತು. ಮೊಣಕೈಗಿಂತ ಸ್ವಲ್ಪ ಮೇಲೆ, ಚೆನ್ನಾಗಿ ಊರಿದ ಹಲ್ಲು. ಚರ್ಮ ನೀಲಿಗಟ್ಟಿತ್ತು.

ಹುಡುಗಿಯ ಸೋದರತ್ತೆ ಎದ್ದುಹೋಗಿ ಬಾಗಿಲು ಹಾಕಿ ಬಂದಳು. ತಾಯಿಯಿಲ್ಲದ ಆ ಮನೆಯಲ್ಲಿ ಮಾನ ಕಾಯುವ ಕೆಲಸ ಅವಳದು.

"ಯಾರ ಹಲ್ಲು ಇದು?"

ಗಂಡಸಿನದಲ್ಲ ಎಂದು ತಿಳಿದಾಗ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಗಂಡಸಿನದಾಗಿದ್ದರೆ ಏನು ಮಾಡಬೇಕೆಂಬುದು ಆ ಊರಿಗೆ ಗೊತ್ತಿತ್ತು. ಯಾರನ್ನು ಹೊಡೆಯಬೇಕು, ಯಾರನ್ನು ಕೂಡಿಹಾಕಬೇಕು, ಯಾರ ಬಾಯಿ ಮುಚ್ಚಿಸಬೇಕು, ಎಲ್ಲಕ್ಕೂ ರೂಢಿಯಿತ್ತು. ಬಟ್ಟೆ ಒಗೆಯುವವಳ ಮಗಳ ಹಲ್ಲು ತಮ್ಮ ಹುಡುಗಿಯ ತೋಳಿನ ಮೇಲೆ ಏಕೆ ಬಂತು ಎಂಬುದಕ್ಕೆ ಮಾತ್ರ ಅವಳ ಹತ್ತಿರ ಒಂದು ಹೆಸರೂ ಇರಲಿಲ್ಲ. ಹೆಸರಿಲ್ಲದ್ದನ್ನು ಕಂಡರೆ ಮರ್ಯಾದಸ್ಥರಿಗೆ ಆಗಿಬರುವುದಿಲ್ಲ.

ಬಟ್ಟೆ ಒಗೆಯುವವಳ ಮಗಳನ್ನು ಬೀದಿಯೆಲ್ಲ ಕೊಕ್ಕರೆ ಎಂದು ಕರೆಯುತ್ತಿತ್ತು. ಉದ್ದುದ್ದ ಕಾಲು, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ, ಮೊಣಕಾಲುದ್ದ ತೊಟ್ಟಿಯ ನೀರಿನಲ್ಲಿ ದಿನವಿಡೀ ನಿಲುವು. ಕೈಬೆರಳುಗಳ ಸಂದಿಯಲ್ಲಿ ಒಗೆಯುವ ಸೋಡಾ ತಿಂದ ಬಿರುಕು. ಬಿರುಕಿನಿಂದ ಒಸರುವ ರಕ್ತ ಬಿಳಿ ಬಟ್ಟೆಗೆ ತಾಗದಂತೆ ಬೆರಳುಗಳಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ತನ್ನ ಕೈ ಉರಿಯುತ್ತದೆಂದಲ್ಲ. ಬಟ್ಟೆ ಹಾಳಾದರೆ ಬೈಗುಳ ಅಮ್ಮನಿಗೆ.

ಉಪದೇಶಿಗಳ ಮನೆಯ ಕಂಬಳಿ, ರಜಾಯಿಗಳು ಹೊರಲಾರದಷ್ಟು ಭಾರ. ಅವನ್ನು ಅವರ ಹಿತ್ತಲಿನಲ್ಲೇ ಒಗೆದು ಅವರ ಮಾಳಿಗೆಯ ಮೇಲೆ ಒಣಗಿಸಬೇಕಿತ್ತು. ಸಣ್ಣವಳಿದ್ದಾಗಿನಿಂದ ಕೊಕ್ಕರೆ ಆ ಕೆಲಸಕ್ಕೆ ಹೋಗುತ್ತಿದ್ದಳು. ಮಾಳಿಗೆಯಲ್ಲೇ ಅವಳಿಗೆ ಉಪದೇಶಿಗಳ ಮಗಳು ಸಿಕ್ಕಿದ್ದು. ಗಿಡ್ಡ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಕೊಕ್ಕರೆ ಅವಳಿಗೆ ಮೆಣಸು ಎಂದು ಹೆಸರಿಟ್ಟಳು. ಮನೆಯವರು ಇಟ್ಟ ಹೆಸರು ಉದ್ದಕ್ಕಿತ್ತು, ಪವಿತ್ರವಾಗಿತ್ತು, ಅದನ್ನು ಕರೆದರೆ ಆ ಹುಡುಗಿ ತಿರುಗಿಯೂ ನೋಡುತ್ತಿರಲಿಲ್ಲ.

ಒದ್ದೆ ರಜಾಯಿ ಹಿಂಡಲು ಇಬ್ಬರು ಬೇಕು. ಒಂದು ತುದಿ ಇವಳು, ಇನ್ನೊಂದು ತುದಿ ಅವಳು. ಇವಳು ಬಲಕ್ಕೆ ತಿರುಚಿದರೆ ಅವಳು ಎಡಕ್ಕೆ. ಮೆಣಸು ಕೈಜಾರಿ ಅಂಗಾತ ಬೀಳುತ್ತಿದ್ದಳು, ಬಿದ್ದಲ್ಲೇ ನಗುತ್ತಿದ್ದಳು. ಹೆಣ್ಣುಮಕ್ಕಳು ಸದ್ದು ಮಾಡಿ ನಗಬಾರದಿತ್ತು ಆ ಊರಲ್ಲಿ. ಕಿಟಕಿಗೆ ಮುಖ ಕೊಡಬಾರದು, ಬೀದಿಗೆ ಕಾಲು ಹಾಕಬಾರದು, ಮೈನೆರೆದ ಮೇಲೆ ಓದಬಾರದು. ಉಪದೇಶಿಗಳು ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರದಲ್ಲಿ ಎತ್ತರದ ಪೀಠ ಹತ್ತಿ ಇದನ್ನೇ ಹೇಳುತ್ತಿದ್ದರು. ಮಗಳು ಒಣಹಾಕಿದ ರಜಾಯಿಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಗದ್ದ ಎಳೆದುಕೊಂಡು, ಮೂಗಿನಲ್ಲಿ ಮಾತಾಡಿ ಅಪ್ಪನನ್ನು ಆಡಿ ತೋರಿಸುತ್ತಿದ್ದಳು. "ಹೆಣ್ಣಿನ ಧ್ವನಿ ಹೊಸಿಲು ದಾಟಬಾರದೂ..." ಎಂದು ರಾಗ ಎಳೆದು, ಕಡೆಗೆ ಅಪ್ಪ ಮಾಡುವಂತೆಯೇ ಗಂಟಲು ಕೆರೆದು ಉಗಿದು ಮುಗಿಸುತ್ತಿದ್ದಳು. ಕೊಕ್ಕರೆ ನಗು ತಡೆಯಲಾರದೆ ಒದ್ದೆ ಬಟ್ಟೆಯನ್ನೇ ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

"ನಿನ್ನ ಬಿಟ್ರೆ ನನಗೆ ಯಾರೂ ಇಲ್ಲ ಕಣೇ," ಎನ್ನುತ್ತಿದ್ದಳು ಮೆಣಸು. ಕೊಕ್ಕರೆ ಬೇರೆ ಮನೆಯ ಹುಡುಗಿಯ ಹೆಸರೆತ್ತಿದರೂ ಮುಖ ಊದಿಸುತ್ತಿದ್ದಳು. ಅವಳ ಕೈಯ ಚಿಂದಿ ಬಿಚ್ಚಿ, ಬಿರುಕುಗಳಿಗೆ ಎಣ್ಣೆ ಸವರಿ, ಊದಿ, ಮತ್ತೆ ಕಟ್ಟುತ್ತಿದ್ದಳು. ಕೊಕ್ಕರೆಯ ಕೈಯನ್ನು ಅಮ್ಮನೂ ಹಾಗೆ ಹಿಡಿದಿರಲಿಲ್ಲ. ಅಮ್ಮನ ಕೈಯೇ ಇನ್ನೂ ಹೆಚ್ಚು ಒಡೆದಿತ್ತು.

ಮದುವೆ ಗೊತ್ತಾಯಿತು. ಗಂಡು ಮರದ ವ್ಯಾಪಾರಿ, ಮೊದಲನೆಯವಳು ಸತ್ತಿದ್ದಳು, ವಯಸ್ಸಿನಲ್ಲಿ ಉಪದೇಶಿಗಳ ಜೊತೆಯವನು. ಆ ಸುದ್ದಿ ತಿಳಿದ ದಿನ ಮೆಣಸು ಮಾಳಿಗೆಗೆ ಬಂದವಳೇ ಕೊಕ್ಕರೆಯ ತೋಳು ಹಿಡಿದು ಕಚ್ಚಿದಳು.

"ಅಯ್ಯೋ! ಹುಚ್ಚಾ ನಿನಗೆ?"

"ನೋವಾಯ್ತಾ? ಆಗ್ಲಿ. ನನ್ನ ಮರೆತುಬಿಡ್ತೀಯ ಇಲ್ಲಾಂದ್ರೆ. ಈಗ ನೀನು ಕಚ್ಚು."

"ನಾನ್ಯಾಕೆ?"

"ಅವನ ಮನೆಗೆ ಹೋಗೋವಾಗ ನನ್ನದು ಅಂತ ಏನಾದ್ರೂ ತಗೊಂಡು ಹೋಗ್ಬೇಕಲ್ಲ. ಕಚ್ಚೇ. ಗಟ್ಟಿಯಾಗಿ."

ಕೊಕ್ಕರೆ ಕಚ್ಚಿದಳು. ಇಬ್ಬರೂ ತೋಳು ಉಜ್ಜಿಕೊಳ್ಳುತ್ತ ಅತ್ತರು, ಅಳುತ್ತಲೇ ನಕ್ಕರು. ನಡೆದದ್ದು ಇಷ್ಟೇ. ದರ್ಜಿಯವಳು ಕಂಡದ್ದು ಇದನ್ನೇ.

ದರ್ಜಿಯವಳ ಬಾಯಿ ಎಷ್ಟು ಹೊಲಿದರೂ ಬಿಚ್ಚಿಕೊಳ್ಳುವ ಬಾಯಿ. ಗಂಡಿನ ಮನೆಗೆ ಸುದ್ದಿ ಮುಟ್ಟಿತು. ಗಂಡಿನ ತಾಯಿ ವಿಚಾರಿಸಿಕೊಂಡು ಹೋಗಲು ಬರುತ್ತೇನೆಂದು ಹೇಳಿ ಕಳಿಸಿದಳು. ಅತ್ತೆ ರಾತ್ರೋರಾತ್ರಿ ಒಂದು ಮರ್ಯಾದಸ್ಥ ಸುಳ್ಳು ಹೊಂದಿಸಿದಳು. ಒಗೆಯುವವಳ ಮಗಳು ಬೆಳ್ಳಿ ಬಾಚಣಿಗೆ ಕದಿಯುವಾಗ ಸಿಕ್ಕಿಬಿದ್ದಳು, ಹಿಡಿಯಲು ಹೋದರೆ ಕಚ್ಚಿದಳು. ಅಷ್ಟನ್ನು ಕೊಕ್ಕರೆಯೇ ಬಂದು ಗಂಡಿನ ಕಡೆಯವರೆದುರು ಒಪ್ಪಿಕೊಂಡರೆ ಸಾಕು. ಬೀದಿಯ ಬಟ್ಟೆಯೆಲ್ಲ ಎಂದಿನಂತೆ ಅವಳ ಅಮ್ಮನಿಗೇ.

"ಕದ್ದೆ ಅಂದುಬಿಡು," ಎಂದಳು ಅಮ್ಮ, ಬಟ್ಟೆ ಬಡಿಯುವುದನ್ನು ನಿಲ್ಲಿಸದೆ. "ಒಂದು ಮಾತು. ನಾಲಿಗೆ ಸವೆದು ಹೋಗುತ್ತಾ?"

"ಕದ್ದಿಲ್ಲವಲ್ಲಮ್ಮ."

"ಕದ್ದಿದ್ದಿದ್ರೆ ಬಾಚಣಿಗೆಯಾದ್ರೂ ಇರ್ತಿತ್ತು. ನಡಿ."

ಉಪದೇಶಿಗಳ ಮನೆಯ ನಡುಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕೂತಿದ್ದರು. ಕೊಕ್ಕರೆಯನ್ನು ಜಮಖಾನದ ಅಂಚಿನಾಚೆ ನಿಲ್ಲಿಸಿದರು. ಆ ಜಮಖಾನವನ್ನು ಹೋದ ವಾರ ಅವಳೇ ಕಲ್ಲಿನ ಮೇಲೆ ಹಾಕಿ ತುಳಿದು ಒಗೆದಿದ್ದಳು. ಮೆಣಸು ಅತ್ತೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು.

"ಹೇಳು," ಎಂದಳು ಅತ್ತೆ. "ಬಾಚಣಿಗೆ ಕದ್ದದ್ದು ಹೇಳು."

"ನಾನು ಕದ್ದೆ ಅಂತ ಯಾರು ಹೇಳಿದ್ದು?"

"ಇವಳೇ ಹೇಳಿದ್ದು. ಕೇಳಿ ನೋಡು ಬೇಕಾದ್ರೆ."

ಕೊಕ್ಕರೆ ಮೆಣಸಿನ ಕಡೆ ನೋಡಿದಳು. ಮೆಣಸು ತಲೆಯೆತ್ತಲಿಲ್ಲ. ಅವಳ ಕುತ್ತಿಗೆ ಮಾತ್ರ ಸಣ್ಣಗೆ ಅಲ್ಲಾಡಿತು. ಹೌದು ಎಂದು.

ಅಲ್ಲಿಯವರೆಗೆ ಕೊಕ್ಕರೆ ಅಮ್ಮನಿಗೋಸ್ಕರ ಕದ್ದೆ ಎಂದುಬಿಡೋಣ ಅಂತಲೇ ಬಂದಿದ್ದಳು. ಆ ಕುತ್ತಿಗೆ ಅಲ್ಲಾಡಿದ್ದನ್ನು ನೋಡಿದ ಮೇಲೆ ಆಗಲಿಲ್ಲ.

"ಕಚ್ಚಿದ್ದು ನಿಜ," ಎಂದಳು. "ಕದ್ದದ್ದು ಸುಳ್ಳು. ಕಚ್ಚು ಅಂದವಳು ಇವಳು. ಮೊದಲು ಕಚ್ಚಿದವಳೂ ಇವಳೇ." ತೋಳಿನ ಬಟ್ಟೆ ಮೇಲಕ್ಕೆ ಸರಿಸಿ ಹಿಡಿದಳು. "ನೋಡಿ. ಇದು ಇವಳ ಹಲ್ಲು. ಇವಳೂ ಏನೋ ಕದ್ದು ಸಿಕ್ಕಿಬಿದ್ದಿದ್ಲಾ? ನಾವಿಬ್ಬರು ಗೆಳತಿಯರು. ಬರೆದಿಟ್ಟುಕೊಳ್ಳಿ."

ಗಂಡಿನ ತಾಯಿ ಬಾಯಲ್ಲಿದ್ದುದನ್ನು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು, "ಇದಕ್ಕಿಂತ ಕಳ್ಳತನವೇ ವಾಸಿಯಿತ್ತು," ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಗುರುತು ಮಾಸುತ್ತೆ ಬಿಡಿ. ಹುಡುಗಿ ಬೆಳ್ಳಗಿದ್ದಾಳೆ. ಈ ಪ್ರಾಣೀನ ಮಾತ್ರ ಹತ್ತಿರ ಸೇರಿಸಬೇಡಿ," ಎಂದಳು. ಸಂಬಂಧ ಮುರಿಯಲಿಲ್ಲ. ಅವರಿಗೆ ಬೇಕಾದದ್ದು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಬೆಳ್ಳಗಿನ ಹುಡುಗಿ.

ಆ ವಾರದಿಂದ ಬೀದಿಯ ಒಂದು ಮನೆಯವರೂ ಬಟ್ಟೆ ಕೊಡಲಿಲ್ಲ. ಅಮ್ಮ ಒದ್ದೆ ಬಟ್ಟೆ ಎತ್ತಿಕೊಂಡು ಮಗಳಿಗೆ ಬಾರಿಸಿದಳು. ಸುಸ್ತಾದ ಮೇಲೆ ಕೂತು ತನ್ನ ತಲೆಗೇ ಹೊಡೆದುಕೊಂಡಳು. ಮರುದಿನ ಊರಾಚೆಯ ಕಸಾಯಿಖಾನೆಗೆ ಹೋಗಿ ಕಟುಕರ ಅಂಗಿಗಳನ್ನು ಹೊತ್ತು ತಂದಳು. ಹೆಪ್ಪುಗಟ್ಟಿದ ರಕ್ತ, ಕೊಬ್ಬು, ಕೂದಲು. ತಣ್ಣೀರಿನಲ್ಲಿ ನೆನೆಹಾಕಬೇಕು, ಉಗುರಿನಿಂದ ಕೆರೆಯಬೇಕು, ಮತ್ತೆ ನೆನೆಹಾಕಬೇಕು. ತೊಟ್ಟಿ ಕೆಂಪಾಗುತ್ತಿತ್ತು. ನೊಣ ಮುತ್ತುತ್ತಿದ್ದವು. ಕೊಕ್ಕರೆಗೆ ಆ ಕೆಲಸ ಅಷ್ಟೇನೂ ಹೇಸಿಗೆಯಾಗಲಿಲ್ಲ. ಬೀದಿಯ ಮನೆಯವರ ಹಾಗೆ ಕಟುಕರು ಬಟ್ಟೆ ಕೊಡುವಾಗ ರಕ್ತವನ್ನು ಮಡಚಿ ಒಳಗೆ ಮಾಡಿ ಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೆಣಸಿನ ಅತ್ತೆ ಒಗೆಯುವವರ ಹಿತ್ತಲಿಗೆ ಬಂದಳು. ಮೂಗಿಗೆ ಸೆರಗು. ಕಾಲಿಡುವ ಜಾಗ ಹುಡುಕುತ್ತ, ಬೆಕ್ಕಿನಂತೆ ಹೆಜ್ಜೆ ಎತ್ತಿ ಎತ್ತಿ ಇಟ್ಟಳು.

"ಅವಳು ಊಟ ಬಿಟ್ಟಿದಾಳೆ," ಎಂದಳು. "ಮದುವೆ ಹತ್ತಿರ ಬಂತು. ಎದ್ದು ನಿಲ್ಲೋಕೂ ಆಗ್ತಿಲ್ಲ. ಯಾರ ಮಾತೂ ಕೇಳಲ್ಲ. ನೀನು ಬಂದು ಒಂದು ಮಾತು ಹೇಳು. ತಿನ್ನು, ಮದುವೆಗೆ ಒಪ್ಪಿಕೋ ಅನ್ನು. ಬೀದಿಯ ಬಟ್ಟೆ ನಾಳೆಯಿಂದಲೇ ಕಳಿಸ್ತೀನಿ."

ಅಮ್ಮ ಮಗಳ ಮುಖ ನೋಡಿದಳು. ಕೊಕ್ಕರೆ ಅಂಗಿ ಕೆರೆಯುತ್ತಲೇ ಇದ್ದಳು.

"ಕಳ್ಳಿ ಮಾತು ಅವಳು ಕೇಳ್ತಾಳಾ ಅಮ್ಮಾವ್ರೇ?"

"ನೀನೇನು ಕಳ್ಳಿಯಲ್ಲ ಬಿಡು."

"ನೀರಿನ ಸದ್ದು ನೋಡಿ, ಕೇಳಿಸಲಿಲ್ಲ."

"ನೀನು ಕಳ್ಳಿಯಲ್ಲ ಅಂದೆ!"

"ಪಕ್ಕದ ಮನೆಯವರಿಗೂ ಕೇಳಿಸಲಿಲ್ಲವೇನೋ."

ಅತ್ತೆಯ ಕುತ್ತಿಗೆಯ ನರ ಉಬ್ಬಿತು. ಕೂಗಿದಳು. ಪಕ್ಕದ ಗೋಡೆಯ ಮೇಲೆ ತಲೆಗಳು ಕಾಣಿಸಿಕೊಂಡವು. ಕೊಕ್ಕರೆ ಎದ್ದು, ಕೈ ತೊಳೆಯದೆ, ರಕ್ತದ ಕೈಯಲ್ಲೇ ಅವಳ ಹಿಂದೆ ಹೊರಟಳು.

ಮೆಣಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೋಣೆಯ ಕಿಟಕಿಗೆ ಹಲಗೆ ಬಡಿದಿದ್ದರು. ಅತ್ತೆ ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿರುವುದು ಬಾಗಿಲ ಕೆಳಗಿನ ನೆರಳಿನಿಂದ ಗೊತ್ತಾಗುತ್ತಿತ್ತು.

"ಬಂದ್ಯಾ?" ಎಂದಳು ಮೆಣಸು. ಧ್ವನಿ ಒಣಗಿತ್ತು. "ಕೋಪಾನಾ ನನ್ನ ಮೇಲೆ?"

"ಕೋಪ ಅಲ್ಲ. ಅಸಹ್ಯ."

ಮೆಣಸು ಈ ಕಡೆ ಹೊರಳಿದಳು. ಮುಖ ಇಷ್ಟೇ ಇಷ್ಟಾಗಿತ್ತು. "ಅತ್ತೆ ಕಾದ ಸೌಟು ತಂದಳು ಕಣೇ. ಹೇಳದಿದ್ರೆ ಆ ಗುರುತಿನ ಮೇಲೇ ಬರೆ ಹಾಕ್ತೀನಿ ಅಂದಳು. ಹೆದರಿಬಿಟ್ಟೆ."

"ಹಾಕ್ಲಿ ಅನ್ನಬೇಕಿತ್ತು."

"ಅನ್ನಬೇಕಿತ್ತು."

ಸಮಾಧಾನ ಹೇಳಲು ಕೊಕ್ಕರೆಗೆ ಬಾಯಿ ಬರಲಿಲ್ಲ. ಬಿಟ್ಟು ಹೋಗಲು ಕಾಲೂ ಬರಲಿಲ್ಲ.

"ಅದಕ್ಕೇ ಊಟ ಬಿಟ್ಟೆ," ಎಂದಳು ಮೆಣಸು. "ಸತ್ತುಹೋದರೆ..."

"ಸತ್ತರೆ ನಿಮ್ಮಪ್ಪ ಪೀಠ ಹತ್ತಿ ನಿನ್ನ ಬಗ್ಗೆ ಒಳ್ಳೆ ಭಾಷಣ ಮಾಡ್ತಾರೆ. ಎಂಥ ಮಗಳು, ಎಂಥ ಶುದ್ಧ ಜೀವ ಅಂತ. ಅದೇ ಮೂಗಿನ ರಾಗದಲ್ಲಿ. ಎಲ್ಲರೂ ಕಣ್ಣೊರೆಸ್ಕೋತಾರೆ. ಮನೇಲಿ ಸಂಜೆಗೆ ಊಟ ಜೋರಾಗಿರುತ್ತೆ. ಅದಕ್ಕೇನೇ ಸಾಯೋದು?"

ಮೆಣಸಿಗೆ ನಗು ಬಂತು. ನಗಲು ಶಕ್ತಿಯಿಲ್ಲದೆ ಕೆಮ್ಮು ಬಂತು. ಕೊಕ್ಕರೆ ಅವಳನ್ನು ಎತ್ತಿ ಗೋಡೆಗೊರಗಿಸಿ ಕೂರಿಸಿದಳು. ಬಟ್ಟಲಿನ ಹಾಲಿಗೆ ರೊಟ್ಟಿ ಮುರಿದು ಹಾಕಿ, ಅದ್ದಿ ಬಾಯಿಗಿಟ್ಟಳು.

"ತಿನ್ನು. ಮದುವೆ ಓದಿಸೋ ಮುದುಕ ಒಪ್ಪಿಗೆ ಇದೆಯಾ ಅಂತ ಕೇಳ್ತಾನಲ್ಲ, ಆಗ ನಿನಗೆ ಗಂಟಲು ಬೇಕು." ಇದನ್ನು ಪಿಸುದನಿಯಲ್ಲಿ ಹೇಳಿದಳು. "ನನಗೆ ಮಾತು ಕೊಡಬೇಡ. ನಿನ್ನ ಮಾತು ನಂಗೆ ಬೇಡ. ತಿನ್ನು ಅಷ್ಟೇ."

ಹೊರಬಂದಾಗ ಅತ್ತೆ ಕೇಳಿದಳು, "ಒಪ್ಪಿದಳಾ?"

"ಊಟಕ್ಕೆ ಒಪ್ಪಿದಳು."

ಅತ್ತೆ ಹೇಳಿದಂತೆ ಬೀದಿಯ ಬಟ್ಟೆ ಮರಳಿ ಬಂತು. ಮದುವೆಯ ದಿನ ಕೊಕ್ಕರೆ, ಅವಳ ಅಮ್ಮ ಇಬ್ಬರೂ ಗಂಡಿನ ಕಡೆಯವರ ಕಣ್ಣಿಗೆ ಬೀಳದಂತೆ ಉಪದೇಶಿಗಳ ಹಿತ್ತಲಿನಲ್ಲಿದ್ದರು. ನೆಂಟರು ಗುಂಪು ಗುಂಪಾಗಿ ಉಣ್ಣುತ್ತಿದ್ದರು. ಒಂದು ಪಂಕ್ತಿ ಏಳುತ್ತಲೇ ಮೇಜಿನ ಬಟ್ಟೆಗಳು ಹಿತ್ತಲಿಗೆ ಬಂದು ಬೀಳುತ್ತಿದ್ದವು. ಹಂಡೆಯಲ್ಲಿ ಕುದಿಸಿ, ಬಡಿದು, ಹಿಂಡಿ, ಬಿಸಿ ಇಸ್ತ್ರಿಯಲ್ಲೇ ಒಣಗಿಸಿ ಮುಂದಿನ ಪಂಕ್ತಿಗೆ ಕಳಿಸಬೇಕು. ಊರಿಗೆಲ್ಲ ಮದುವೆಯ ಸಂಭ್ರಮ, ಇವರಿಬ್ಬರಿಗೆ ಜೊಲ್ಲು, ಎಣ್ಣೆ, ಎಂಜಲು. ಹಂಡೆಯ ಹಬೆಗೆ ಕೊಕ್ಕರೆಯ ರೆಪ್ಪೆಗಳು ಅಂಟಿಕೊಳ್ಳುತ್ತಿದ್ದವು. ನಡುಮನೆಯ ಕಿಟಕಿ ತೆರೆದೇ ಇತ್ತು.

ಮದುವೆ ಓದಿಸುವ ಹಿರಿಯ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅಮ್ಮ ಬಡಿಯುವುದನ್ನು ನಿಲ್ಲಿಸಿದಳು.

"ಈ ಸಂಬಂಧಕ್ಕೆ ನಿನ್ನ ಒಪ್ಪಿಗೆಯಿದೆಯೇ ಮಗಳೇ?"

ಕೇಳುವುದು ಲೆಕ್ಕಕ್ಕಿತ್ತು, ಉತ್ತರ ಲೆಕ್ಕಕ್ಕಿರಲಿಲ್ಲ. ಹುಡುಗಿಯರು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು, ಹಿರಿಯರು ಅದನ್ನೇ ಹೂಂ ಎಂದು ತಗೊಂಡು ಮುಂದೆ ಹೋಗುತ್ತಿದ್ದರು. ತಲೆತಲಾಂತರದಿಂದ ಹಾಗೇ.

"ಇಲ್ಲ," ಎಂದಿತು ಒಂದು ಧ್ವನಿ.

ಮುದುಕ ಕೆಮ್ಮಿದ. ಅತ್ತೆಯ ಧ್ವನಿ ಬಂತು, "ನಾಚ್ಕೊಂಡಿದಾಳೆ ಹುಡುಗಿ. ಮುಂದುವರಿಸಿ."

"ಇಲ್ಲ ಅಂದೆ! ನನಗೆ ಒಪ್ಪಿಗೆಯಿಲ್ಲ!"

ಯಾರೋ ಅವಳ ಬಾಯಿಗೆ ಕೈ ಒತ್ತಿದರು. ಉಸಿರು ಕಟ್ಟುವ ಸದ್ದು ಕೇಳಿತು. ಉಪದೇಶಿಗಳು ಪೀಠದ ಮೇಲಿನ ಅದೇ ಗಂಭೀರ ದನಿಯಲ್ಲಿ, "ಹೂಂ ಅಂದಳು. ಎಲ್ಲರೂ ಕೇಳಿಸಿಕೊಂಡಿರಿ ಅಲ್ಲವೇ?" ಎಂದರು.

"ಕೇಳಿಸಿತು, ಕೇಳಿಸಿತು." ಅಲ್ಲೊಬ್ಬ, ಇಲ್ಲೊಬ್ಬ. ಆಮೇಲೆ ಎಲ್ಲರೂ. "ಹೂಂ ಅಂದಳು. ನಮಗೆ ಕೇಳಿಸಿತು." ಮೇಷ್ಟರು ಕೇಳಿಸಿಕೊಂಡರು. ವೈದ್ಯರು ಕೇಳಿಸಿಕೊಂಡರು. ದರ್ಜಿಯವಳೂ ಕೇಳಿಸಿಕೊಂಡಳು. ಹೊಟ್ಟೆ ತುಂಬಿದ ಅಷ್ಟೂ ಜನ ಒಂದು ಹುಡುಗಿಯ ಇಲ್ಲವನ್ನು ಜಗಿದು ನುಂಗಿ ಹೂಂ ಎಂದು ತೇಗಿದರು.

ಕೊಕ್ಕರೆ ಹಂಡೆಯ ಕೋಲು ಬಿಟ್ಟಳು. ಅಮ್ಮ ಅವಳ ಬಟ್ಟೆ ಹಿಡಿದೆಳೆದಳು. "ಹೋಗಬೇಡ ಕಣೇ. ಕೊಂದುಬಿಡ್ತಾರೆ." ಮಗಳು ಅಮ್ಮನ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು.

ನಡುಮನೆಗೆ ನುಗ್ಗಿದಾಗ ಅವಳ ತೋಳುಗಳಿಂದ ಬಿಸಿನೀರು ಸುರಿಯುತ್ತಿತ್ತು. ಈ ಸಲ ಜಮಖಾನದ ಅಂಚಿನಾಚೆ ನಿಲ್ಲಲಿಲ್ಲ. ಒದ್ದೆ ಕಾಲಿನಲ್ಲಿ ಅದರ ನಡುವೆಯೇ ನಡೆದು ಹೋಗಿ ನಿಂತಳು.

"ಇಲ್ಲ ಅಂದಳು," ಎಂದಳು. "ಎರಡು ಸಲ ಅಂದಳು. ಹಿತ್ತಲಲ್ಲಿ ನಿಮ್ಮ ಎಂಜಲು ಕುದಿಸ್ತಿದ್ದವಳಿಗೆ ಕೇಳಿಸಿತು. ಮೂಗಿನ ಮುಂದೆ ಕೂತ ನಿಮಗೆ ಕೇಳಿಸಲಿಲ್ವಾ? ಮೇಷ್ಟ್ರೇ, ನಿಮಗೂ ಕೇಳಿಸಲಿಲ್ವಾ?"

ಮೇಷ್ಟರು ಚಪ್ಪಲಿ ಹುಡುಕತೊಡಗಿದರು.

"ಹೊರಗೆ ಹಾಕಿ ಇವಳನ್ನ!" ಎಂದರು ಉಪದೇಶಿಗಳು. ಇಬ್ಬರು ಗಂಡಸರು ಎದ್ದು ಬಂದು ಕೊಕ್ಕರೆಯ ಕೂದಲು ಹಿಡಿದರು. ಕೆನ್ನೆಗೆ ಬಿತ್ತು, ಬೆನ್ನಿಗೆ ಬಿತ್ತು. ಅವಳು ಬಿದ್ದಲ್ಲಿಂದಲೇ ಕೂಗಿದಳು, "ಅವಳ ಬಾಯಿ ಮೇಲಿನ ಕೈ ತೆಗೀರಿ! ಹೂಂ ಅಂದವಳ ಬಾಯಿ ಯಾಕೆ ಮುಚ್ಚಿದೀರಿ?"

ಮೆಣಸಿನ ಬಾಯಿ ಮುಚ್ಚಿದ್ದ ಅತ್ತೆ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅಷ್ಟು ಸಾಕಾಯಿತು. ಮೆಣಸು ಆ ಕೈ ಕಿತ್ತೆಸೆದು, ಭಾರದ ಮದುವೆ ಬಟ್ಟೆಯಲ್ಲೇ ಎದ್ದು ಬಂದು ಕೊಕ್ಕರೆಯ ಮೇಲೆ ಬಾಗಿ ನಿಂತಳು. ಹೊಡೆಯಲು ಎತ್ತಿದ ಕೈ ಮದುಮಗಳ ಮೇಲೆ ಬೀಳದೆ ಗಾಳಿಯಲ್ಲೇ ಉಳಿಯಿತು.

"ಬಾಚಣಿಗೆ ಕದ್ದಿಲ್ಲ ಇವಳು," ಎಂದಳು ಮೆಣಸು. "ನಾನು ಸುಳ್ಳು ಹೇಳಿದೆ. ಬರೆಗೆ ಹೆದರಿ ಹೇಳಿದೆ. ಈಗ ಬರೆ ಹಾಕಿ ಬೇಕಾದ್ರೆ. ಒಪ್ಪಿಗೆ ಇಲ್ಲ."

ಮರದ ವ್ಯಾಪಾರಿ ತಾಯಿಯ ಮುಖ ನೋಡಿದ. ಅಷ್ಟು ವಯಸ್ಸಾದರೂ ತಾಯಿಯ ಮುಖ ನೋಡಿದ. ಅವಳು ಮೊಣಕಾಲು ಹಿಡಿದು ಎದ್ದಳು. "ಒಗೆಯೋಳು ಬಂದು ಪಂಚಾಯಿತಿ ಮಾಡೋ ಮನೆಯ ಸಂಬಂಧ ನಮಗೆ ಬೇಡ," ಎಂದು ಹೊರಟಳು. ಹುಡುಗಿಗೆ ಮನಸ್ಸಿಲ್ಲ ಎಂದು ಹೋದವರಲ್ಲ ಅವರು. ಅದು ನಾಲ್ಕು ಜನರೆದುರು ಗಟ್ಟಿಯಾಗಿ ಕೇಳಿಸಿಬಿಟ್ಟಿತಲ್ಲ ಎಂದು ಹೋದರು.

ಉಪದೇಶಿಗಳು ತಮಗೆ ಮಗಳಿಲ್ಲ ಎಂದರು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿಕೊಳ್ಳುವುದು ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಮೂವರು ಹೆಂಗಸರು ಮಟಮಟ ಮಧ್ಯಾಹ್ನ ಬೀದಿಯಲ್ಲಿ ನಡೆದು ಹೋದರು. ಕೊಕ್ಕರೆಯ ತುಟಿ ಒಡೆದಿತ್ತು. ಮೆಣಸು ಆ ಬೀದಿಯನ್ನು ನಡೆದು ನೋಡಿ ವರ್ಷಗಳಾಗಿದ್ದವು, ಎಡವುತ್ತಿದ್ದಳು. ಅಮ್ಮ ದಾರಿಯುದ್ದಕ್ಕೂ ಇಬ್ಬರನ್ನೂ ಬೈದಳು. ಮನೆ ಸೇರಿದ ಮೇಲೆ ಮೆಣಸಿನ ಮದುವೆ ಬಟ್ಟೆ ನೋಡಿ, "ಮೊದಲು ಇದನ್ನ ಬಿಚ್ಚು ತಾಯಿ. ಇದರಲ್ಲಿ ಕಟುಕರ ಅಂಗಿ ಒಗೆಯೋಕಾಗಲ್ಲ," ಎಂದು ತನ್ನ ಹಳೆಯ ಬಟ್ಟೆ ಕೊಟ್ಟಳು.

ಮೆಣಸು ಮೊದಲ ದಿನ ವಾಂತಿ ಮಾಡಿಕೊಂಡಳು. ಆಮೇಲೆ ಅವಳ ಕೈಗಳೂ ಒಡೆದವು. ಕೊಕ್ಕರೆ ಅವಳಿಗೆ ಎಣ್ಣೆ ಸವರಲಿಲ್ಲ, ಚಿಂದಿ ಮಾತ್ರ ಹರಿದು ಮುಂದಿಟ್ಟಳು. ಆ ಕುತ್ತಿಗೆ ಅಲ್ಲಾಡಿದ್ದನ್ನು ಅವಳು ಮರೆತಿರಲಿಲ್ಲ. ಮರೆತೆ ಎಂದು ಸುಳ್ಳೂ ಹೇಳಲಿಲ್ಲ. ಮೆಣಸು ಮರೆಸಲು ಹೋಗಲಿಲ್ಲ. ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದರು. ಒಬ್ಬಳು ಎದ್ದು ಹೋದರೆ ಇನ್ನೊಬ್ಬಳಿಗೆ ಎಚ್ಚರವಾಗುತ್ತಿತ್ತು.

ಮರದ ವ್ಯಾಪಾರಿಗೆ ಬೇಗನೆ ಬೇರೆ ಹುಡುಗಿ ಗೊತ್ತಾದಳು. ಮೇಷ್ಟರ ಮಗಳು. ಊರು ಮತ್ತೆ ಮದುವೆಯ ಊಟಕ್ಕೆ ಸಜ್ಜಾಯಿತು.

ಒಂದು ಬೆಳಗ್ಗೆ ಆ ಹುಡುಗಿ ಒಂದೇ ಒಂದು ದಿಂಬಿನ ಚೀಲ ಕಂಕುಳಲ್ಲಿಟ್ಟುಕೊಂಡು ಒಗೆಯುವವರ ಹಿತ್ತಲಿಗೆ ಬಂದಳು. ಅದು ಕೊಳೆಯಾಗಿಯೂ ಇರಲಿಲ್ಲ. ತೊಟ್ಟಿಯ ಹತ್ತಿರ ನಿಂತು, ಕೆಂಪು ನೀರನ್ನೂ ಮೆಣಸಿನ ಕೈಗಳನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕಾ," ಎಂದಳು ಕಡೆಗೆ, "ಇಲ್ಲ ಅಂತ ಹೇಳೋವಾಗ ಭಯ ಆಗಲಿಲ್ವಾ?"

"ಆಯ್ತು," ಎಂದಳು ಮೆಣಸು. "ಮೊದಲನೇ ಸಲ ತುಂಬಾ ಆಯ್ತು."

ಕೊಕ್ಕರೆ ದಿಂಬಿನ ಚೀಲವನ್ನು ಹುಡುಗಿಯ ಕೈಯಿಂದ ತೆಗೆದುಕೊಂಡು ಪಕ್ಕದ ತಿಳಿನೀರಿಗೆ ಹಾಕಿದಳು.

"ಗಟ್ಟಿಯಾಗಿ ಹೇಳಬೇಕು ಪುಟ್ಟಿ," ಎಂದಳು. "ಆ ಜನಕ್ಕೆ ಕಿವಿ ಮಂದ."